ಒಂದೇ ಗೂಟಕ್ಕೆ ಕಟ್ಟಿದ ಭದ್ರತೆ

ಮೂತ್ರಪಿಂಡದಲ್ಲಿ ಜೋಳದ ಕಾಳಿನಷ್ಟು ಕಲ್ಲು ಕಂಡರೆ ಬ್ಯಾಂಕ್ ಉದ್ಯೋಗಿ ನಾಲ್ಕು ದಿನ ರಜೆ ಹಾಕಿ, ಬಾಳೆದಿಂಡಿನ ರಸ ಕುಡಿದು, ಐದನೆಯ ದಿನ ಕುರ್ಚಿಗೆ ಮರಳುತ್ತಾರೆ. ದುಬೈನಿಂದಲೋ ದೋಹಾದಿಂದಲೋ ವಿಮಾನ ಹಾರಿಸುವ ಪೈಲಟ್‌ಗೆ ಅಷ್ಟು ಸಲೀಸಿಲ್ಲ. ಹಾರಾಟದ ನಡುವೆ ಆ ನೋವು ಕೆರಳಿದರೆ ಕಾಕ್‌ಪಿಟ್‌ನಲ್ಲಿ ಒಬ್ಬರು ಇದ್ದೂ ಇಲ್ಲದಂತೆ. ಹಾಗಾಗಿ ಕಲ್ಲು ಹೋಗಿದೆ, ಮತ್ತೆ ಕಾಡುವ ಸಂಭವ ಕಡಿಮೆ ಎಂದು ವೈದ್ಯರಿಗೆ ಖಾತರಿಯಾಗುವವರೆಗೆ ಅವರು ‘ಟೆಂಪರರಿ ಅನ್‌ಫಿಟ್’. ಆಸ್ಪತ್ರೆಯ ಬಿಲ್ಲನ್ನು ಕಂಪನಿಯ ಆರೋಗ್ಯ ವಿಮೆ ಕಟ್ಟುತ್ತದೆ. ಹಾರದೆ ಕಳೆದ ತಿಂಗಳುಗಳ ಸಂಬಳವನ್ನು ಅದು ಕಟ್ಟುವುದಿಲ್ಲ. ವಿದೇಶದಲ್ಲಿ ದುಡಿಯುವ ಪೈಲಟ್‌ಗಳ ವಿಮೆಯ ಲೆಕ್ಕ ತಪ್ಪುವುದು ಇಲ್ಲೇ. ಚಿಕಿತ್ಸೆಗೆ ಎಷ್ಟು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕೆಲಸ ಹೋದ ಮರುದಿನ ಅದರಲ್ಲಿ ಎಷ್ಟು ಉಳಿಯುತ್ತದೆ ಎಂದು ಕೇಳುವವರು ಕಡಿಮೆ.

ಮೊದಲು ಅಪಾಯವನ್ನು ಅದರ ಅಳತೆಯಲ್ಲೇ ನೋಡೋಣ. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲೆ ಇದ್ದಷ್ಟೇ. ತೇವಾಂಶ ಶೇ 20ಕ್ಕಿಂತ ಕಡಿಮೆ. ಅಂತರಿಕ್ಷದಿಂದ ಬರುವ ವಿಕಿರಣ ವಿಮಾನ ಸಿಬ್ಬಂದಿಗೆ ವರ್ಷಕ್ಕೆ ಸಾಮಾನ್ಯವಾಗಿ 2ರಿಂದ 5 ಮಿಲಿಸೀವರ್ಟ್. ಧ್ರುವದ ಸಮೀಪ ಹಾದುಹೋಗುವ ಮಾರ್ಗಗಳಲ್ಲಿ ಹೆಚ್ಚು. ವೃತ್ತಿಯಲ್ಲಿ ವಿಕಿರಣಕ್ಕೆ ಒಡ್ಡಿಕೊಳ್ಳುವವರಿಗೆ ಇರುವ ವಾರ್ಷಿಕ ಸರಾಸರಿ ಮಿತಿ 20 ಆದ್ದರಿಂದ ಇದು ಗಾಬರಿಪಡುವ ಪ್ರಮಾಣವಲ್ಲ. ರಾತ್ರಿ ಪಾಳಿಯ ಕೆಲಸ ಬಹುಶಃ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಹೇಳಿ, 2019ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ವಿಮಾನ ಸಿಬ್ಬಂದಿಯಲ್ಲಿ ಸುಮಾರು ಎರಡು ಪಟ್ಟು ಕಾಣಿಸುತ್ತದೆ ಎಂದು 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಅದಕ್ಕೆ ಹಾರಾಟವೇ ಕಾರಣವೋ, ರಜೆಯ ಬಿಸಿಲೋ ಎಂಬುದು ಇತ್ಯರ್ಥವಾಗಿಲ್ಲ. ಆದರೆ ಹಣಕಾಸಿನ ದೃಷ್ಟಿಯಲ್ಲಿ ಇಂಥ ಅಪರೂಪದ ರೋಗಗಳಿಗಿಂತ ಮನೆಮನೆಯಲ್ಲಿ ಇರುವ ಕಾಯಿಲೆಗಳೇ ಹೆಚ್ಚು ಭಯಪಡಬೇಕಾದವು. ಬಿ.ಪಿ., ಸಕ್ಕರೆ, ಹೃದಯದ ಲಯದಲ್ಲಿ ಸಣ್ಣ ಏರುಪೇರು, ಬೆನ್ನುನೋವು, ಖಿನ್ನತೆ: ಇವುಗಳೊಂದಿಗೆ ಕೋಟ್ಯಂತರ ಜನ ದಿನವೂ ಕಚೇರಿಗೆ ಹೋಗಿಬರುತ್ತಾರೆ. ಪೈಲಟ್ ಮಾತ್ರ 12 ತಿಂಗಳಿಗೊಮ್ಮೆ, 60 ದಾಟಿದ ಮೇಲೆ ಆರು ತಿಂಗಳಿಗೊಮ್ಮೆ, ಕ್ಲಾಸ್ 1 ಮೆಡಿಕಲ್ ಪಾಸಾಗಲೇಬೇಕು. ಇಷ್ಟು ಸಲ ದೇಹವೇ ಪರೀಕ್ಷೆಗೆ ಕೂರಬೇಕಾದ ವೃತ್ತಿಗಳು ಬಹಳಿಲ್ಲ.

ಆ ಪರೀಕ್ಷೆಯಲ್ಲಿ ನಪಾಸಾದರೆ ಏನಾಗುತ್ತದೆ ಎಂಬುದಕ್ಕೆ ಯುಎಇ ಕಾನೂನನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿ ಉದ್ಯೋಗಿಗೆ ಆರೋಗ್ಯ ವಿಮೆ ಕೊಡಿಸುವುದು ಮಾಲೀಕನ ಕರ್ತವ್ಯ. ಅಬುಧಾಬಿ, ದುಬೈಗಳ ನಂತರ 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳಿಗೂ ಈ ನಿಯಮ ಬಂದಿದೆ. ಒಳ್ಳೆಯದೇ. ಆದರೆ 2021ರ ಕಾರ್ಮಿಕ ಕಾನೂನಿನ ಪ್ರಕಾರ ವರ್ಷಕ್ಕೆ ಸಿಗುವ ಕಾಯಿಲೆ ರಜೆ 90 ದಿನ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದ 45 ದಿನ ಸೊನ್ನೆ. ಕೂಡಿ ನೋಡಿದರೆ ಮೂರು ತಿಂಗಳ ರಜೆಗೆ ಸಿಗುವುದು ಒಂದು ತಿಂಗಳ ಸಂಬಳ. ರಜೆ ಮುಗಿದರೂ ಕೆಲಸಕ್ಕೆ ಬರಲಾಗದಿದ್ದರೆ ಮಾಲೀಕ ಕೆಲಸದಿಂದ ತೆಗೆಯಬಹುದು. ದೊಡ್ಡ ಏರ್‌ಲೈನ್‌ಗಳ ಒಪ್ಪಂದ ಇದಕ್ಕಿಂತ ಉದಾರವಾಗಿರಬಹುದು. ಕಾನೂನು ಕಾಯುವುದು ಇಷ್ಟನ್ನೇ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾದ ಜೊತೆ ಹೆಂಡತಿ ಮಕ್ಕಳ ವಾಸದ ಹಕ್ಕು, ಮನೆ ಬಾಡಿಗೆಯ ಭತ್ಯೆ, ಶಾಲೆಯ ಫೀಸು, ಕೊನೆಗೆ ಆ ಆರೋಗ್ಯ ವಿಮೆಯೂ. ಹೊರಗಿನಿಂದ ಬಂದವರಿಗೆ ಅಲ್ಲಿ ಸರ್ಕಾರಿ ಪಿಂಚಣಿಯಿಲ್ಲ. ಊರಿಗೆ ಮರಳಿ ಹಾರುತ್ತೇನೆಂದರೆ ಇಲ್ಲಿನ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಅಳತೆಗೋಲೂ ಅದೇ ಅಂತರರಾಷ್ಟ್ರೀಯ ಮಾನದಂಡದ ಮೇಲೆ ನಿಂತದ್ದು. ಮನೆಯ ದನಗಳನ್ನೆಲ್ಲ ಒಂದೇ ಗೂಟಕ್ಕೆ ಕಟ್ಟಿದ ಹಾಗೆ. ಗೂಟ ಕಿತ್ತರೆ ಒಂದೂ ಕೊಟ್ಟಿಗೆಯಲ್ಲಿ ಉಳಿಯುವುದಿಲ್ಲ. ಆದ್ದರಿಂದ ನನ್ನ ವಾದ ಇಷ್ಟೇ: ವಿದೇಶದ ಪೈಲಟ್‌ನ ಭದ್ರತೆಯ ಮುಖ್ಯ ಭಾಗ ಅವರ ಕೆಲಸದ ಹೊರಗೆ, ಅವರದೇ ಹೆಸರಿನಲ್ಲಿ, ಆರೋಗ್ಯ ಚೆನ್ನಾಗಿರುವಾಗಲೇ ಕೊಂಡದ್ದಾಗಿರಬೇಕು.

‘ಕಂಪನಿಯೇ ಲಾಸ್ ಆಫ್ ಲೈಸೆನ್ಸ್ ವಿಮೆ ಕೊಡುತ್ತದಲ್ಲ’ ಎಂಬುದು ಮೊದಲ ಆಕ್ಷೇಪ. ಆರೋಗ್ಯದ ಕಾರಣಕ್ಕೆ ಹಾರುವ ಅರ್ಹತೆ ಹೋದರೆ ಹಣ ಕೊಡುವ ವಿಮೆ ಇದು. ಹಲವು ಕಂಪನಿಗಳು ಕೊಡುತ್ತವೆ, ನಿಜ. ಆದರೆ ಅದು ಶಾಶ್ವತವಾಗಿ ಅನರ್ಹರಾದಾಗ ಮಾತ್ರವೋ, ತಾತ್ಕಾಲಿಕವಾದಾಗಲೂ ತಿಂಗಳು ತಿಂಗಳು ಕೊಡುತ್ತದೆಯೋ, ವಯಸ್ಸಾದಂತೆ ಮೊತ್ತ ಕರಗುತ್ತದೆಯೋ, ಮಾನಸಿಕ ಕಾಯಿಲೆಯನ್ನು ಹೊರಗಿಟ್ಟಿದೆಯೋ ಎಂಬ ನಾಲ್ಕು ಪ್ರಶ್ನೆಗೆ ಉತ್ತರ ಸಿಗುವವರೆಗೆ ಅದನ್ನು ಭದ್ರತೆ ಎಂದು ಬರೆದಿಟ್ಟುಕೊಳ್ಳಬಾರದು. 2015ರ ಮಾರ್ಚ್ 24ರಂದು ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಸಹಪೈಲಟ್ ಬೇಕೆಂದೇ ಅಪ್ಪಳಿಸಿದ ಜರ್ಮನ್‌ವಿಂಗ್ಸ್ ವಿಮಾನದ ತನಿಖಾ ವರದಿ ಈ ದೃಷ್ಟಿಯಿಂದ ಓದಬೇಕಾದದ್ದು. 150 ಜನರ ಸಾವಿಗೆ ವಿಮೆಯ ಕೊರತೆ ಕಾರಣ ಎಂದು ಯಾರೂ ಹೇಳಲಾರರು. ಆದರೂ ಫ್ರಾನ್ಸಿನ ತನಿಖಾ ಸಂಸ್ಥೆ ಆತನ ಹಣಕಾಸನ್ನೂ ನೋಡಿತು: ತರಬೇತಿಗೆ ಮಾಡಿದ ಸಾಲ ಸುಮಾರು 41,000 ಯೂರೊ, ಮೊದಲ ಐದು ವರ್ಷದಲ್ಲಿ ಶಾಶ್ವತವಾಗಿ ಅನರ್ಹನಾದರೆ ಕಂಪನಿಯ ವಿಮೆಯಿಂದ ಒಂದೇ ಸಲಕ್ಕೆ ಸಿಗುವುದು 58,799 ಯೂರೊ. ಸಾಲ ತೀರಿದರೆ ಉಳಿಯುವುದು ಒಂದು ವರ್ಷದ ಬದುಕಿಗೂ ಸಾಲದು. ಹೆಚ್ಚುವರಿ ವಿಮೆ ಕೊಳ್ಳಲು ತನ್ನ ಮೆಡಿಕಲ್ ಪ್ರಮಾಣಪತ್ರದ ಮೇಲಿನ ವಿಶೇಷ ಷರಾ ಅಡ್ಡಿಯಾಗಿದೆ ಎಂದು ಆತ ಬರೆದಿದ್ದನ್ನೂ ವರದಿ ದಾಖಲಿಸಿದೆ. ಮೆಡಿಕಲ್ ಕಡತದಲ್ಲಿ ಒಂದು ಷರಾ ಬಿದ್ದ ಮೇಲೆ ವಿಮಾ ಕಂಪನಿ ಬಾಗಿಲು ಅರ್ಧ ಮುಚ್ಚಿಯೇ ಮಾತಾಡುತ್ತದೆ.

‘ಇರುವುದು ಅಲ್ಲಿ, ಭಾರತದಲ್ಲಿ ಯಾಕೆ ಆರೋಗ್ಯ ಪಾಲಿಸಿ’ ಎಂಬುದು ಎರಡನೆಯ ಆಕ್ಷೇಪ. ಇಲ್ಲಿನ ಸಾಮಾನ್ಯ ಪಾಲಿಸಿ ಭಾರತದೊಳಗಿನ ಚಿಕಿತ್ಸೆಗಷ್ಟೇ. ಹತ್ತು ವರ್ಷ ಒಂದು ಕ್ಲೇಮೂ ಇಲ್ಲದೆ ಕಂತು ಕಟ್ಟುವುದು ದಂಡ ಎನಿಸುವುದು ಸಹಜ. ಆದರೆ ಆ ಕಂತಿನಲ್ಲಿ ಕೊಳ್ಳುತ್ತಿರುವುದು ಕಾಲವನ್ನು. 2024ರ ಏಪ್ರಿಲ್‌ನಿಂದ ಜಾರಿಯಾದ, ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. ಸತತ 60 ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ವಿವರ ಮುಚ್ಚಿಟ್ಟಿರೆಂಬ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ. ಕೆಲಸ ಕಳೆದುಕೊಂಡು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು, 48ರ ವಯಸ್ಸಿನಲ್ಲಿ ಬೆಂಗಳೂರಿಗೋ ಮಂಗಳೂರಿಗೋ ಮರಳುವವರು ಈ ಕಾಯುವಿಕೆಯನ್ನು ಆಗ ಶುರು ಮಾಡುವುದಕ್ಕೂ, ಆಗಲೇ ಮುಗಿಸಿಕೊಂಡಿರುವುದಕ್ಕೂ ಅಂತರ ಬಹಳ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ ಹೋಗಿರುವುದರಿಂದ ಆ ದಂಡದ ಭಾರವೂ ಇಳಿದಿದೆ. ಅಪಘಾತ ವಿಮೆ ಕೊಳ್ಳುವಾಗ ಮಾತ್ರ ಎಚ್ಚರ: ವಿಮಾನದಲ್ಲಿ ಪ್ರಯಾಣಿಕರಾಗಿ ಹೋಗುವವರಿಗಷ್ಟೇ ರಕ್ಷಣೆ ಎಂಬ ಷರತ್ತು ಸಾಮಾನ್ಯ ಪಾಲಿಸಿಗಳಲ್ಲಿದೆ, ಪೈಲಟ್‌ಗೆ ಬೇಕಾದದ್ದೇ ಅದರಲ್ಲಿ ಇರುವುದಿಲ್ಲ.

ಮೂರನೆಯ ಆಕ್ಷೇಪ ಲೆಕ್ಕ ಬಲ್ಲವರದು: ಕಂತಿನ ಹಣವನ್ನು ಮ್ಯೂಚುವಲ್ ಫಂಡಿನಲ್ಲಿ ಹಾಕಿದರೆ ತಾನೇ ವಿಮೆಯಾಗುತ್ತದೆ. ಐವತ್ತೈದರ ಕ್ಯಾಪ್ಟನ್‌ಗೆ, ಸಾಲ ತೀರಿ ಮಕ್ಕಳ ಓದು ಮುಗಿದಿದ್ದರೆ, ಇದು ಸರಿಯಾದ ಮಾತು. ಆ ವಯಸ್ಸಿಗೆ ಕಂತು ದುಬಾರಿ, ಸಿಗುವ ಮೊತ್ತ ಕಡಿಮೆ. ಮೂವತ್ತರ ಫಸ್ಟ್ ಆಫೀಸರ್‌ಗೆ ಇದು ಹೊಂದದು. ಆದಾಯದ ಮೂರನೆಯ ಒಂದು ಭಾಗ ಉಳಿಸುವ ಶಿಸ್ತಿನ ಮನುಷ್ಯ ಎರಡು ವರ್ಷದ ಕೊನೆಗೆ ಕೂಡಿಡುವುದು ಒಂದೇ ವರ್ಷದ ಖರ್ಚನ್ನು. ಕಾಯಿಲೆ ಕಾರ್ಪಸ್ ಬೆಳೆಯಲಿ ಎಂದು ಕಾಯುವುದಿಲ್ಲ. ಉಳಿತಾಯ ತಾತ್ಕಾಲಿಕ ಅನರ್ಹತೆಗೆ ಇರಲಿ, ಒಂದು ವರ್ಷದ ಖರ್ಚು ಅದಕ್ಕೆ ತಕ್ಕ ಗುರಿ. ಶಾಶ್ವತ ಅನರ್ಹತೆಗೆ ವಿಮೆಯೇ ಬೇಕು.

ಇನ್ನುಳಿದದ್ದು, ‘ವರ್ಷವರ್ಷವೂ ಪಾಸಾಗುತ್ತಿದ್ದೇನೆ, ನನಗೇನಾಗಿದೆ’ ಎಂಬ ಧೈರ್ಯ. ಅಮೆರಿಕದಲ್ಲಿ 3,765 ಪೈಲಟ್‌ಗಳನ್ನು ಕೇಳಿ 2022ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಶೇ 56 ಮಂದಿ, ಮೆಡಿಕಲ್ ಕಳೆದುಕೊಳ್ಳುವ ಭಯದಿಂದ ವೈದ್ಯರಿಂದ ಒಂದಲ್ಲ ಒಂದು ರೀತಿಯಲ್ಲಿ ತಪ್ಪಿಸಿಕೊಂಡದ್ದನ್ನು ಒಪ್ಪಿಕೊಂಡರು. ಪಾಸಾದ ಪ್ರಮಾಣಪತ್ರಗಳಲ್ಲಿ ಎಷ್ಟು ಮೌನ ಸೇರಿದೆ ಎಂದು ಇದರಿಂದ ಊಹಿಸಬಹುದು. ಆ ಮೌನ ದುಬಾರಿ: ಚಿಕಿತ್ಸೆ ತಡವಾಗುತ್ತದೆ, ಮುಚ್ಚಿಟ್ಟದ್ದು ಹೊರಬಿದ್ದರೆ ವಿಮೆಯೂ ಬಿದ್ದುಹೋಗಬಹುದು, ಬೆನ್ನ ಹಿಂದೆ ಕುಳಿತ ಮುನ್ನೂರು ಜನರ ಮಾತು ಬೇರೆ. ಎದೆಯೊಳಗೆ ಏನೋ ಒತ್ತಿದಂತಾಗುತ್ತದೆ, ಆರು ವಾರದಿಂದ ನಿದ್ದೆಯಿಲ್ಲ ಎಂದು ವೈದ್ಯರೆದುರು ಬಾಯಿಬಿಡುವ ಪೈಲಟ್ ಆ ಕ್ಷಣದಲ್ಲಿ ತನ್ನ ಸಂಬಳವನ್ನೇ ಮೇಜಿನ ಮೇಲಿಡುತ್ತಾರೆ. ಬೇರೆ ಗೂಟಕ್ಕೆ ಕಟ್ಟಿದ್ದು ಏನಾದರೂ ಉಂಟು ಎಂಬ ಭರವಸೆಯಿದ್ದರೆ ಆ ಮಾತು ಬೇಗ ಹೊರಡುತ್ತದೆ. ಕಟ್ಟಿದ ಕಂತಿಗೆ ಕ್ಲೇಮು ಎಂದೂ ಬಾರದಿದ್ದರೂ ಅಷ್ಟು ಪ್ರಯೋಜನ ಸಂದಿರುತ್ತದೆ.