ನೀಲಗಿರಿ ರೈಲು: ಹಲ್ಲುಹಳಿಯ ಏರುದಾರಿ

ಭಾರತದಲ್ಲಿ ಹಲ್ಲುಹಳಿಯ ರೈಲನ್ನು ನೋಡಬೇಕಾದರೆ ತಮಿಳುನಾಡಿನ ನೀಲಗಿರಿಗೇ ಹೋಗಬೇಕು.

ಮೆಟ್ಟುಪಾಳಯಂನಿಂದ ಉದಕಮಂಡಲಕ್ಕೆ (ಊಟಿ) 46 ಕಿ.ಮೀ. ಇದು ಮೀಟರ್ ಗೇಜ್ ಮಾರ್ಗ, 326 ಮೀ.ನಿಂದ ಸುಮಾರು 2,203 ಮೀ. ಎತ್ತರಕ್ಕೆ ಏರುತ್ತದೆ. ಕೂನೂರಿನವರೆಗೆ 1899ರಲ್ಲಿ, ಊಟಿಗೆ 1908ರಲ್ಲಿ ರೈಲು ಬಂತು. ಕಲ್ಲಾರ್–ಕೂನೂರು ನಡುವೆ ಏರು 12ಕ್ಕೆ 1. ಬರೀ ನುಣುಪು ಹಳಿಯ ಮೇಲೆ ಇಷ್ಟು ಕಡಿದಾದ ಏರನ್ನು ಹತ್ತುವುದು ಕಷ್ಟ. ಅದಕ್ಕೇ ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್ ರೂಪಿಸಿದ ವಿಧಾನ: ಹಳಿಗಳ ನಡುವೆ ಎರಡು ಹಲ್ಲುಪಟ್ಟಿ, ಒಂದರ ಹಲ್ಲಿಗೆ ಇನ್ನೊಂದರ ಸಂದು ಎದುರಾಗುವಂತೆ ಜೋಡಣೆ. ಹೀಗಾಗಿ ಎಂಜಿನ್ನಿನ ಹಲ್ಲುಚಕ್ರದ ಹಿಡಿತ ಎಂದೂ ತಪ್ಪದು. ಎಂಜಿನ್ ಇಳಿಜಾರಿನ ಬದಿಯಲ್ಲೇ ಇದ್ದು ಬೋಗಿಗಳನ್ನು ಮೇಲಕ್ಕೆ ತಳ್ಳುತ್ತದೆ.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಬೆಟ್ಟದ ರೈಲುಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ವರ್ಷಗಳಲ್ಲಿ: ಡಾರ್ಜಿಲಿಂಗ್ 1999, ನೀಲಗಿರಿ 2005, ಕಾಲ್ಕಾ–ಶಿಮ್ಲಾ 2008. ಈ ಮೂರರಲ್ಲಿ ಹಲ್ಲುಹಳಿ ಇರುವುದು ನೀಲಗಿರಿಯಲ್ಲಿ ಮಾತ್ರ. ದೇಶದ ಅತಿ ಎತ್ತರದ ರೈಲು ನಿಲ್ದಾಣ ಕೇಳಿದರೆ ಊಟಿ ಬರೆಯಬೇಡಿ. ಅದು ಡಾರ್ಜಿಲಿಂಗ್ ಮಾರ್ಗದ ಘೂಮ್, 2,258 ಮೀ. ಯುರೋಪಿನದಾದರೆ ಯುಂಗ್‌ಫ್ರಾಯೋಖ್, 3,454 ಮೀ.