ಓಡಾಟ ಮತ್ತು ಪ್ರವಾಸ: ಸೈಕಲ್ ಕಥನಗಳ ತಾತ್ವಿಕ ನೆಲೆಗಳು

1. ಪ್ರಸ್ತಾವನೆ

ಕನ್ನಡದಲ್ಲಿ ಚಲನೆಯನ್ನು ಸೂಚಿಸಲು ಪ್ರವಾಸ, ಯಾತ್ರೆ, ಸಂಚಾರ, ಪಯಣ, ಓಡಾಟ ಮೊದಲಾದ ಹಲವು ಪದಗಳಿವೆ. ಇವುಗಳಲ್ಲಿ ‘ಪ್ರವಾಸ’ ಎಂಬುದು ಮನೆಯಿಂದ ದೂರವಾಗಿ ವಾಸಿಸುವುದು ಎಂಬ ಅರ್ಥದ ಸಂಸ್ಕೃತ ಮೂಲದ ಪದ. ‘ಓಡಾಟ’ವು ‘ಓಡಾಡು’ ಎಂಬ ಕ್ರಿಯಾಪದದಿಂದ ಬಂದ ದೇಸಿ ಪದ. ಹೋಗಿ ಬರುವ, ಮತ್ತೆ ಹೋಗುವ ನಿತ್ಯದ ಚಲನೆ ಅದರ ಅರ್ಥ. ಸಾಹಿತ್ಯ ಚರಿತ್ರೆಯು ಪ್ರವಾಸಕ್ಕೆ ಒಂದು ಪ್ರಕಾರದ ಮನ್ನಣೆಯನ್ನು ನೀಡಿ ‘ಪ್ರವಾಸ ಕಥನ’ವೆಂದು ಕರೆದಿದೆ. ಓಡಾಟಕ್ಕೆ ಅಂತಹ ಮನ್ನಣೆ ದೊರೆತಿಲ್ಲ. ಹಾಲಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ದಿನವೂ ಹಳ್ಳಿಯಿಂದ ಪೇಟೆಗೆ ಹೋಗಿಬರುವವನು ಕೆಲವೇ ವರ್ಷಗಳಲ್ಲಿ ಖಂಡಾಂತರ ಪ್ರವಾಸಿಗಿಂತ ಹೆಚ್ಚು ದೂರವನ್ನು ಕ್ರಮಿಸಿರಬಹುದು. ಆದರೆ ಆ ದೂರವು ಕಥನವಾಗುವುದಿಲ್ಲ.

ಈ ತಾರತಮ್ಯದ ಸ್ವರೂಪವನ್ನು ಸೈಕಲ್ ಸವಾರಿಯ ಬರವಣಿಗೆಯನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸೈಕಲ್ಲು ಏಕಕಾಲದಲ್ಲಿ ದೂರ ಪ್ರವಾಸದ ವಾಹನವೂ ದುಡಿಯುವವರ ನಿತ್ಯದ ಉಪಕರಣವೂ ಆಗಿದೆ. ಆದ್ದರಿಂದ ಪ್ರವಾಸ ಮತ್ತು ಓಡಾಟಗಳ ನಡುವಿನ ಗೆರೆಯನ್ನು ಎಳೆದವರು ಯಾರು ಎಂಬ ಪ್ರಶ್ನೆಯನ್ನು ಎತ್ತಲು ಈ ವಾಹನವು ಸೂಕ್ತ ನೆಲೆಯನ್ನು ಒದಗಿಸುತ್ತದೆ. ಐರ್ಲೆಂಡಿನ ಲೇಖಕಿ ಡರ್ವ್ಲಾ ಮರ್ಫಿ (1931–2022) ಅವರ ‘ಫುಲ್ ಟಿಲ್ಟ್’ (1965) ಇಲ್ಲಿನ ಮುಖ್ಯ ಪಠ್ಯ.

2. ಯಂತ್ರ ಮತ್ತು ಕಥನ: ಚಾರಿತ್ರಿಕ ಹಿನ್ನೆಲೆ

1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ ರೂಪಿಸಿದ ‘ರೋವರ್’ ಇಂದಿನ ಸೈಕಲ್ಲಿನ ಮೂಲಮಾದರಿ. ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳು ಮತ್ತು ಹಿಂದಿನ ಚಕ್ರವನ್ನು ತಿರುಗಿಸುವ ಚೈನು ಇದರ ವೈಶಿಷ್ಟ್ಯ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದರು. ಆದರೆ ಸೈಕಲ್ ಕಥನವು ಈ ಸುರಕ್ಷಿತ ಮಾದರಿಗಾಗಿ ಕಾಯಲಿಲ್ಲ. ಥಾಮಸ್ ಸ್ಟೀವನ್ಸ್ ಎಂಬಾತ ಮುಂದೆ ದೊಡ್ಡ ಚಕ್ರ, ಹಿಂದೆ ಚಿಕ್ಕ ಚಕ್ರವಿದ್ದ ಹಳೆಯ ಮಾದರಿಯ ಸೈಕಲ್ಲಿನಲ್ಲಿ 1884ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟು 1886ರ ಡಿಸೆಂಬರ್‌ನಲ್ಲಿ ಜಪಾನಿನ ಯೊಕೊಹಾಮಾ ತಲುಪಿದನು. ಆಫ್ಘಾನಿಸ್ತಾನದಲ್ಲಿ ತಡೆಯಲ್ಪಟ್ಟು ಹಿಂದಿರುಗಿದ ಆತ ಹಡಗಿನ ಮೂಲಕ ಭಾರತಕ್ಕೆ ಬಂದು, ಲಾಹೋರಿನಿಂದ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಕಲ್ಕತ್ತಾವರೆಗೆ ಸವಾರಿ ಮಾಡಿದನು. ಆತನ ಎರಡು ಸಂಪುಟಗಳ ಕಥನ 1887–88ರಲ್ಲಿ ಪ್ರಕಟವಾಯಿತು.

ಸ್ಟೀವನ್ಸನಿಗೆ ದೊರೆತ ರಸ್ತೆ, ಬಂಗಲೆ, ಪರವಾನಗಿಗಳೆಲ್ಲ ಸಾಮ್ರಾಜ್ಯದ ವ್ಯವಸ್ಥೆಯ ಭಾಗವಾಗಿದ್ದವು ಎಂಬುದನ್ನು ಮರೆಯುವಂತಿಲ್ಲ. ಈ ನೋಟದ ದಿಕ್ಕು ಬದಲಾದುದು ಭಾರತೀಯ ಸವಾರರಿಂದ. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ಯುವಕರು ವಿಶ್ವಪರ್ಯಟನೆಗೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ ಮತ್ತು ರುಸ್ತುಮ್ ಭೂಮ್‌ಗರಾ ಎಂಬ ಮೂವರು 1928ರಲ್ಲಿ ಪ್ರಯಾಣವನ್ನು ಪೂರ್ಣಗೊಳಿಸಿ ಹಿಂದಿರುಗಿ, ತಮ್ಮ ಅನುಭವವನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿಸಿದರು. 1926ರಲ್ಲಿ ಕಲ್ಕತ್ತಾದಿಂದ ಹೊರಟ ಬಿಮಲ್ ಮುಖರ್ಜಿ 1937ರಲ್ಲಿ ಮರಳಿದರು. ಅವರ ಕಥನ ‘ದು ಚಾಕಾಯ್ ದುನಿಯಾ’ ಬಂಗಾಳಿಯಲ್ಲಿದೆ. ವಸಾಹತುವಿನ ಪ್ರಜೆಯೊಬ್ಬ ತನ್ನ ಕಾಲ್ಬಲದಿಂದ ಲೋಕವನ್ನು ಅಳೆದು ತನ್ನ ಭಾಷೆಯಲ್ಲೇ ಅದನ್ನು ನಿರೂಪಿಸಿದ ಕ್ರಮವು ದೇಶಭಾಷೆಗಳ ಪ್ರವಾಸ ಸಾಹಿತ್ಯದ ಅಧ್ಯಯನದಲ್ಲಿ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ.

3. ‘ಫುಲ್ ಟಿಲ್ಟ್’: ದಿನಚರಿಯ ರೂಪ

ಡರ್ವ್ಲಾ ಮರ್ಫಿ ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿಯ ಲಿಸ್ಮೋರ್ ಎಂಬ ಪುಟ್ಟ ಊರಿನವರು. ತಂದೆ ಗ್ರಂಥಪಾಲಕರು. ಹತ್ತನೆಯ ಹುಟ್ಟುಹಬ್ಬಕ್ಕೆ ದೊರೆತ ಒಂದು ಸೈಕಲ್ಲು ಮತ್ತು ಒಂದು ಅಟ್ಲಾಸು ಭಾರತದವರೆಗೆ ಸವಾರಿ ಮಾಡುವ ಸಂಕಲ್ಪಕ್ಕೆ ಕಾರಣವಾದವು. ಆ ಸಂಕಲ್ಪ ನೆರವೇರಲು ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ತಾಯಿಯ ಆರೈಕೆಗಾಗಿ ಅವರು ಹದಿನಾಲ್ಕನೆಯ ವಯಸ್ಸಿನಲ್ಲೇ ಶಾಲೆ ಬಿಡಬೇಕಾಯಿತು. 1950ರ ದಶಕದಲ್ಲಿ ಆಗಾಗ ದೊರೆತ ಬಿಡುವಿನಲ್ಲಿ ಇಂಗ್ಲೆಂಡ್ ಹಾಗೂ ಯುರೋಪಿನ ಕೆಲವು ಭಾಗಗಳಲ್ಲಿ ಸವಾರಿ ಮಾಡಿದರೂ ಮನೆಯ ಹೊಣೆ ಅವರನ್ನು ಮತ್ತೆ ಕರೆಯುತ್ತಿತ್ತು. ತಂದೆ 1961ರಲ್ಲಿ, ತಾಯಿ 1962ರಲ್ಲಿ ತೀರಿಕೊಂಡರು. 1963ರ ಜನವರಿಯಲ್ಲಿ, ಯುರೋಪು ಕಂಡ ಅತ್ಯಂತ ಕಠಿಣ ಚಳಿಗಾಲಗಳಲ್ಲೊಂದರ ನಡುವೆ, ಮರ್ಫಿ ಫ್ರಾನ್ಸಿನ ಡನ್‌ಕರ್ಕ್‌ನಿಂದ ಹೊರಟರು. ಇಟಲಿ, ಯುಗೊಸ್ಲಾವಿಯಾ, ಬಲ್ಗೇರಿಯಾ, ಟರ್ಕಿ, ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ಹಾದು ಜುಲೈನಲ್ಲಿ ದೆಹಲಿ ಸೇರಿದರು.

ಹೊರಡುವ ಮುನ್ನ ಅವರು ಮಾಡಿಕೊಂಡ ಸಿದ್ಧತೆ ಗಮನಾರ್ಹ. ಗಂಡಸರ ಮಾದರಿಯ ‘ಆರ್ಮ್‌ಸ್ಟ್ರಾಂಗ್ ಕೆಡೆಟ್’ ಸೈಕಲ್ಲಿನಲ್ಲಿದ್ದ ಮೂರು ವೇಗದ ಗೇರನ್ನು, ಒರಟು ರಸ್ತೆಗಳಿಗೆ ಅದು ತಾಳದೆಂದು, ತೆಗೆಸಿಹಾಕಿದರು. ಬದಲಿ ಟೈರುಗಳನ್ನು ದಾರಿಯ ಊರುಗಳಿಗೆ ಮುಂಚಿತವಾಗಿ ಕಳುಹಿಸಿದರು. ಚಿಕ್ಕ ಪಿಸ್ತೂಲೊಂದನ್ನು ಇಟ್ಟುಕೊಂಡರು. ಯುಗೊಸ್ಲಾವಿಯಾದಲ್ಲಿ ತೋಳಗಳು ಮೇಲೆರಗಿದಾಗ ಅದು ಬಳಕೆಗೂ ಬಂತು. ಸೈಕಲ್ಲಿಗೆ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನು ಮೊಟಕುಗೊಳಿಸಿ ‘ರೋಜ್’ ಎಂದು ಕರೆದರು. ಶ್ರೇಷ್ಠ ಯಂತ್ರವನ್ನು ಹುಡುಕದೆ, ಹಳ್ಳಿಯ ಕಮ್ಮಾರನೂ ರಿಪೇರಿ ಮಾಡಬಲ್ಲಷ್ಟು ಸರಳವಾದುದನ್ನು ಆಯ್ದುಕೊಂಡ ಈ ವಿವೇಕವು ನಿತ್ಯ ಸವಾರರದ್ದೇ ಆಗಿದೆ. ಹೊಲಕ್ಕೂ ಸಂತೆಗೂ ಸೈಕಲ್ ಒಯ್ಯುವವರು ಗೇರಿಲ್ಲದ, ಭಾರ ತಾಳುವ ಸೈಕಲ್ಲನ್ನೇ ಆಯ್ದುಕೊಳ್ಳಲು ಇದೇ ಕಾರಣ.

ಪಠ್ಯದ ರಚನೆಯೂ ಇದಕ್ಕೆ ಅನುಗುಣವಾಗಿದೆ. ಡನ್‌ಕರ್ಕ್‌ನಿಂದ ಟೆಹರಾನಿನವರೆಗಿನ ಭಾಗ ಸಂಗ್ರಹ ನಿರೂಪಣೆಯಾಗಿದ್ದು, ಅಲ್ಲಿಂದ ಮುಂದೆ ಕೃತಿಯು ದಿನಾಂಕ ಸಹಿತವಾದ ದಿನಚರಿಯಾಗುತ್ತದೆ. ಊರಿನ ಗೆಳೆಯರಿಗೆ ಕಂತುಗಳಲ್ಲಿ ಅಂಚೆಯ ಮೂಲಕ ಕಳುಹಿಸಿದ ಬರಹವೇ ಇದರ ಮೂಲ. ಪ್ರತಿದಿನದ ಬರಹದಲ್ಲಿ ಏರು, ಇಳಿಜಾರು, ಎದುರುಗಾಳಿ, ರಸ್ತೆಯ ಮೇಲ್ಮೈ, ಸಿಕ್ಕ ಊಟ, ಮಲಗಿದ ಜಾಗ ಇವು ಮತ್ತೆ ಮತ್ತೆ ಬರುತ್ತವೆ. ರೈಲು ಅಥವಾ ಕಾರಿನ ಪ್ರವಾಸಿಗೆ ಏರು ಎಂಬುದು ಕಿಟಕಿಯಾಚೆಯ ದೃಶ್ಯ. ಸೈಕಲ್ ಸವಾರರಿಗೆ ಅದು ತೊಡೆಯ ನೋವು. ಹೀಗೆ ಭೂಗೋಳವು ದೇಹದ ಮೂಲಕವೇ ಭಾಷೆಗೆ ಬರುತ್ತದೆ. ಎರಡನೆಯದಾಗಿ, ಸವಾರರು ನೀರು, ಅನ್ನ, ಆಸರೆಗಳಿಗೆ ದಾರಿಯ ಜನರನ್ನು ಅವಲಂಬಿಸಲೇಬೇಕು. ನಿರೂಪಕರು ನೋಡುವವರಷ್ಟೇ ಅಲ್ಲ, ನೋಡಲ್ಪಡುವವರೂ ಹೌದು. ಆಫ್ಘಾನಿಸ್ತಾನದಲ್ಲಿ ಬಸ್ಸಿನೊಳಗಿನ ಜಗಳವೊಂದರಲ್ಲಿ ಬಂದೂಕಿನ ಹಿಡಿ ತಗುಲಿ ಪಕ್ಕೆಲುಬು ಮುರಿದರೂ ಆ ದೇಶದ ಜನರ ಬಗ್ಗೆ ಮರ್ಫಿ ತಾಳಿದ ಪ್ರೀತಿ ಮಾಸದೇ ಇದ್ದುದಕ್ಕೆ ಈ ಅವಲಂಬನೆಯ ಸಂಬಂಧವೂ ಕಾರಣವಾಗಿದೆ.

ಇಲ್ಲೊಂದು ವೈರುಧ್ಯವನ್ನು ಗುರುತಿಸಬಹುದು. ಅಸಾಮಾನ್ಯವಾದ ಪ್ರವಾಸವನ್ನು ನಿರೂಪಿಸುವ ಈ ಕಥನದ ಒಡಲಲ್ಲಿ ಇರುವುದು ತುಳಿಯುವುದು, ಉಣ್ಣುವುದು, ರಿಪೇರಿ ಮಾಡುವುದು, ಮಲಗುವುದು ಎಂಬ ದಿನನಿತ್ಯದ ಕ್ರಿಯೆಗಳೇ. ಅರ್ಥಾತ್, ದೂರದ ಸೈಕಲ್ ಪ್ರವಾಸವು ತನ್ನ ರೂಪದಲ್ಲಿ ಓಡಾಟವೇ ಆಗಿದೆ. ಹಾಗಿದ್ದೂ ಒಂದು ಪುಸ್ತಕವಾಗುತ್ತದೆ, ಇನ್ನೊಂದು ಆಗುವುದಿಲ್ಲ.

4. ಬರೆಯದವರ ಸೈಕಲ್ಲು

ಈ ಹೋಲಿಕೆಗೆ ಒಂದು ಆಕ್ಷೇಪವನ್ನು ಎತ್ತಬಹುದು. ಮರ್ಫಿಯವರದು ಆಯ್ಕೆ, ಹಾಲು ಮಾರುವವನದು ಅನಿವಾರ್ಯತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬಡತನವನ್ನು ರಮ್ಯಗೊಳಿಸಿದಂತಾಗುತ್ತದೆ. ಈ ಆಕ್ಷೇಪ ಸರಿಯಾದುದೇ. ಮರ್ಫಿಯವರ ಬರಹದಲ್ಲೂ ಇದರ ಸುಳಿವಿದೆ. ಮೋಟಾರು ರಸ್ತೆಗಳೂ ಪಾಶ್ಚಾತ್ಯ ಜೀವನಕ್ರಮವೂ ಹಳೆಯ ಸಮಾಜಗಳನ್ನು ಕೆಡಿಸುತ್ತವೆಂಬ ಅವರ ವಿಷಾದದಲ್ಲಿ ಹಾದುಹೋಗುವವರ ಸೌಲಭ್ಯವಿದೆ. ಡಾಂಬರಿಲ್ಲದ ದಾರಿಯನ್ನು ಮೆಚ್ಚಿದವರು ಮರುದಿನ ಮುಂದಕ್ಕೆ ಹೋಗುತ್ತಾರೆ. ಅದೇ ದಾರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದವರು ಅಲ್ಲೇ ಉಳಿಯುತ್ತಾರೆ. ಆದರೆ ಈ ಭೇದವನ್ನು ಒಪ್ಪಿದ ಮಾತ್ರಕ್ಕೆ ಅನಿವಾರ್ಯತೆಯ ಸವಾರಿಯಲ್ಲಿ ಅನುಭವವಿಲ್ಲ, ಅರಿವಿಲ್ಲ ಎಂದು ತೀರ್ಮಾನಿಸಲಾಗದು.

ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಉದಾಹರಣೆ ಇದಕ್ಕೆ ಸಾಕ್ಷಿ. 1991ರಲ್ಲಿ ಅಲ್ಲಿನ ಸಾಕ್ಷರತಾ ಚಳವಳಿ ‘ಅರಿವೊಳಿ ಇಯಕ್ಕಂ’, ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರ ಆಸಕ್ತಿಯಿಂದ, ಅಕ್ಷರದ ಜೊತೆಗೆ ಸೈಕಲ್ ಸವಾರಿಯನ್ನೂ ಮಹಿಳೆಯರಿಗೆ ಕಲಿಸಿತು. ಕೃಷಿ ಕೂಲಿಕಾರರು, ಕಲ್ಲುಕ್ವಾರಿಯ ಕೆಲಸಗಾರರು, ಅಂಗನವಾಡಿ ಕಾರ್ಯಕರ್ತೆಯರು ಸೈಕಲ್ ಏರಿದರು. ಈ ಚಳವಳಿಯನ್ನು ‘ಎವರಿಬಡಿ ಲವ್ಸ್ ಎ ಗುಡ್ ಡ್ರಾಟ್’ (1996) ಕೃತಿಯಲ್ಲಿ ದಾಖಲಿಸಿರುವ ಪಿ. ಸಾಯಿನಾಥ್, ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರು ಸವಾರಿಗೆ ತೊಡಗಿದರೆಂದು ಹೇಳುತ್ತಾರೆ. ಹೆಂಗಸರ ಸೈಕಲ್ಲುಗಳ ಕೊರತೆಯಾದಾಗ ಅನೇಕರು ಗಂಡಸರ ಸೈಕಲ್ಲನ್ನೇ ಬಳಸಿದರು. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದೆಂಬ ಕಾರಣದಿಂದ ಕೆಲವರು ಅದನ್ನೇ ಇಷ್ಟಪಟ್ಟರು. ಮರ್ಫಿಯವರ ರೋಜ್ ಕೂಡ ಗಂಡಸರ ಸೈಕಲ್ಲೇ. ಸೀರೆ ಅಥವಾ ಲಂಗಕ್ಕೆ ಅಡ್ಡಿಯಾಗುವ ಆ ಒಂದು ಕಬ್ಬಿಣದ ಕೊಳವೆಯಲ್ಲಿ ಹೆಣ್ಣಿನ ಚಲನೆಗೆ ಸಮಾಜ ಹಾಕಿದ ಗೆರೆ ಮೂರ್ತಗೊಂಡಿದೆ. ಎರಡೂ ಕಡೆ ಮಹಿಳೆಯರು ಆ ಗೆರೆಯನ್ನು ದಾಟಿದ್ದಷ್ಟೇ ಅಲ್ಲ, ಪುದುಕೋಟೆಯಲ್ಲಿ ಅದನ್ನೇ ಮಗುವಿನ ಆಸನವಾಗಿಸಿಕೊಂಡರು. ಬಸ್ಸಿಗಾಗಿ ಕಾಯುವ, ತಂದೆ, ಗಂಡ, ಮಗನನ್ನು ಕಾಯುವ ಸಮಯ ಉಳಿದು, ನೀರು ತರುವ ಮತ್ತು ಸಂತೆಗೆ ಹೋಗುವ ಕೆಲಸ ಅವರ ಹಿಡಿತಕ್ಕೆ ಬಂತು. ಇದು ಓಡಾಟವೇ, ಆದರೆ ಯಾವ ಪ್ರವಾಸಕ್ಕಿಂತಲೂ ಕಡಿಮೆ ದೂರದ ಪಯಣವಲ್ಲ.

2011ರ ಜನಗಣತಿಯ ಪ್ರಕಾರ ಭಾರತದ ಸುಮಾರು ಶೇ. 45ರಷ್ಟು ಕುಟುಂಬಗಳಲ್ಲಿ ಸೈಕಲ್ಲಿತ್ತು. ಇಷ್ಟು ವ್ಯಾಪಕವಾದ ಅನುಭವವು ಬರಹದಲ್ಲಿ ಪಡೆದಿರುವ ಸ್ಥಾನ ಅದಕ್ಕೆ ಸಮನಾಗಿಲ್ಲ. ಇದಕ್ಕೆ ವಿರುದ್ಧವಾದ ತುದಿಯಲ್ಲಿ ‘ಬ್ರೆವೆ’ ಎಂಬ ದೂರ ಸವಾರಿಯ ಪದ್ಧತಿಯಿದೆ. 200, 300, 400, 600 ಕಿ.ಮೀ. ದೂರವನ್ನು ನಿಗದಿತ ಅವಧಿಯಲ್ಲಿ ಮುಗಿಸುವ, ಫ್ರಾನ್ಸಿನ ಸಂಸ್ಥೆಯೊಂದರ ನಿಯಮಗಳಿಗೆ ಒಳಪಟ್ಟ ಈ ಸವಾರಿಗಳು ಬೆಂಗಳೂರಿನಿಂದಲೂ ನಡೆಯುತ್ತವೆ. ಸವಾರರು ಒಯ್ಯುವ ಚೀಟಿಯಲ್ಲಿ ಪ್ರತಿ ತಾಣದ ಹೆಸರು ಮತ್ತು ತಲುಪಿದ ವೇಳೆ ದಾಖಲಾಗುತ್ತದೆ. ದೂರ ಮತ್ತು ವೇಳೆಗಳಷ್ಟೇ ಉಳಿದ ಈ ದಾಖಲೆಯಲ್ಲಿ ದಾರಿಯ ಮನುಷ್ಯರಿಲ್ಲ. ಹೀಗೆ ಒಂದೆಡೆ ಬರಹವಿಲ್ಲದ ಅನುಭವ, ಇನ್ನೊಂದೆಡೆ ಅನುಭವವಿಲ್ಲದ ದಾಖಲೆ ಕಾಣಸಿಗುತ್ತದೆ.

5. ಕೊಡಗು ಮತ್ತು ಕನ್ನಡದ ಸಂದರ್ಭ

ಮರ್ಫಿಯವರ ಬರವಣಿಗೆಗೆ ಕರ್ನಾಟಕದೊಂದಿಗೆ ನೇರ ಸಂಬಂಧವಿದೆ. ‘ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್’ (1976) ಎಂಬ ಕೃತಿ, ಐದು ವರ್ಷದ ಮಗಳೊಂದಿಗೆ 1973–74ರಲ್ಲಿ ಅವರು ಕೈಗೊಂಡ ದಕ್ಷಿಣ ಭಾರತ ಪ್ರವಾಸದ ಕಥನ. ಇಲ್ಲಿ ಸೈಕಲ್ಲಿಲ್ಲ, ಬಸ್ಸು ಮತ್ತು ಕಾಲ್ನಡಿಗೆಯಿದೆ. ಮಗುವಿನ ನಡಿಗೆಯೇ ವೇಗವನ್ನು ನಿರ್ಧರಿಸುತ್ತದೆ. ಕೊಡಗಿನಲ್ಲಿ ಅವರು ಹಾದುಹೋಗದೆ ನೆಲೆನಿಂತು, ಅಲ್ಲಿನ ಮನೆತನಗಳ ದಿನನಿತ್ಯದ ಬದುಕಿನಲ್ಲಿ ಬೆರೆಯುತ್ತಾರೆ. ಸೈಕಲ್ಲು ಕಲಿಸಿದ ನಿಧಾನವು ಸೈಕಲ್ಲಿಲ್ಲದಾಗಲೂ ಬರಹದ ಕ್ರಮವಾಗಿ ಉಳಿದಿರುವುದನ್ನು ಇಲ್ಲಿ ಕಾಣಬಹುದು. ಕೊಡಗಿನ ಬಗೆಗಿನ ವಸಾಹತುಕಾಲದ ಬರಹಗಳೊಡನೆ ಇದನ್ನು ಇಟ್ಟು ಓದುವ ಕೆಲಸಕ್ಕೆ ಕನ್ನಡ ಸಂಶೋಧನೆಯಲ್ಲಿ ಅವಕಾಶವಿದೆ.

ಕನ್ನಡ ಪ್ರವಾಸ ಕಥನದ ಪರಂಪರೆ ಶ್ರೀಮಂತವಾದುದು. ಶಿವರಾಮ ಕಾರಂತರ ‘ಅಬೂವಿಂದ ಬರಾಮಕ್ಕೆ’, ಗೊರೂರರ ‘ಅಮೆರಿಕದಲ್ಲಿ ಗೊರೂರು’, ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಮೊದಲಾದವುಗಳ ಶೀರ್ಷಿಕೆಗಳೇ ಸ್ಥಳವನ್ನು ಹೆಸರಿಸುತ್ತವೆ. ಸ್ಥಳಪ್ರಧಾನವಾದ ಈ ಮಾದರಿಯಲ್ಲಿ ದಾರಿಯು ಹಿನ್ನೆಲೆಗೆ ಸರಿಯುವ ಸಾಧ್ಯತೆ ಹೆಚ್ಚು. ಸೈಕಲ್ಲಿನ ಅನುಭವವಾದರೋ ಕನ್ನಡದಲ್ಲಿ ಬಾಲ್ಯದ ನೆನಪುಗಳಲ್ಲೇ ಹೆಚ್ಚಾಗಿ ನೆಲೆಗೊಂಡಿದೆ. ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ಲು, ಸೀಟು ನಿಲುಕದೆ ತುಳಿದ ಒಳಪೆಡಲು, ತರಚಿದ ಮೊಣಕಾಲು ಇವು ಪರಿಚಿತ ವಿವರಗಳು. ಇವುಗಳಲ್ಲಿ ಸೈಕಲ್ಲು ದಾಟಿಬಂದ ಒಂದು ಹಂತವಾಗಿ ಕಾಣುತ್ತದೆಯೇ ಹೊರತು ವಯಸ್ಕರ ಬದುಕಿನ ಭಾಗವಾಗಿ ಅಲ್ಲ. ಬರೆಯುವ ವರ್ಗವು ಸೈಕಲ್ಲಿನಿಂದ ಇಳಿದ ನಂತರ ಬರೆಯಲು ತೊಡಗಿತೆಂಬುದನ್ನು ಇದು ಸೂಚಿಸುತ್ತದೆ.

6. ಸಮಾರೋಪ

ಈ ಚರ್ಚೆಯಿಂದ ಮೂರು ಅಂಶಗಳನ್ನು ನಿರೂಪಿಸಬಹುದು. ಒಂದು, ಸೈಕಲ್ ಕಥನದ ವಿಶಿಷ್ಟತೆ ದೂರದಲ್ಲಿಲ್ಲ. ದೇಹದ ದಣಿವು ಮತ್ತು ಪರರ ಮೇಲಿನ ಅವಲಂಬನೆಯಿಂದ ಹುಟ್ಟುವ ಅರಿವಿನಲ್ಲಿದೆ. ಎರಡು, ಈ ಅರಿವು ನಿತ್ಯ ಸವಾರರಲ್ಲೂ ಇದೆ. ಅವರನ್ನು ಬರಹದಿಂದ ದೂರವಿಟ್ಟಿರುವುದು ಅನುಭವದ ಕೊರತೆಯಲ್ಲ, ಬಿಡುವಿನ ಮತ್ತು ಮನ್ನಣೆಯ ಕೊರತೆ. ಮೂರು, ‘ಪ್ರವಾಸ ಸಾಹಿತ್ಯ’ವೆಂಬ ಪರಿಕಲ್ಪನೆಯು ಓಡಾಟವನ್ನೂ ಒಳಗೊಳ್ಳುವಂತೆ ವಿಸ್ತಾರಗೊಳ್ಳಬೇಕಾಗಿದೆ.

ಕನ್ನಡ ಅಧ್ಯಾಪನಕ್ಕೆ ಇದು ಕೇವಲ ಸೈದ್ಧಾಂತಿಕ ಪ್ರಶ್ನೆಯಲ್ಲ. ಕರ್ನಾಟಕದಲ್ಲಿ 2006–07ರಲ್ಲಿ ಆರಂಭವಾದ ಯೋಜನೆಯಡಿ ಪ್ರೌಢಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಸರ್ಕಾರದಿಂದ ಸೈಕಲ್ಲು ಪಡೆದರು. ಹೀಗೆ ಶಾಲೆ ಮುಟ್ಟಿದ ಹೆಣ್ಣುಮಕ್ಕಳಲ್ಲಿ ಅನೇಕರು ಮುಂದೆ ಪದವಿ ತರಗತಿಗಳಿಗೂ ಬಂದಿದ್ದಾರೆ. ಅವರಿಗೆ ‘ಪ್ರವಾಸ ಕಥನ’ದ ಪಾಠ ಮಾಡುವಾಗ ತಾವು ಹೋಗಿಲ್ಲದ ದೇಶಗಳ ವಿವರಗಳನ್ನಷ್ಟೇ ಓದಿಸಿದರೆ, ತಮ್ಮ ಬದುಕಿನಲ್ಲಿ ಬರೆಯುವಂಥದು ಏನೂ ಇಲ್ಲವೆಂಬ ತಿಳಿವಳಿಕೆಯನ್ನೇ ಕಲಿಸಿದಂತಾಗುತ್ತದೆ. ಊರಿನಿಂದ ಶಾಲೆಯವರೆಗಿನ ದಾರಿಯ ಏರು, ಮಳೆಗಾಲದ ಕೆಸರು, ಪಂಕ್ಚರ್ ಅಂಗಡಿಯವನ ಮಾತು, ಸಂಜೆಗತ್ತಲಿನ ಅಂಜಿಕೆ ಇವುಗಳನ್ನು ದಿನಾಂಕ ಹಾಕಿ ಬರೆಯಿಸುವುದು ತರಗತಿಯಲ್ಲಿ ಸಾಧ್ಯವಿರುವ ಕೆಲಸ. ಹಾಲು, ಪತ್ರಿಕೆ, ಸೊಪ್ಪು ಮಾರುವ ಹಿರಿಯ ಸವಾರರ ಮೌಖಿಕ ನಿರೂಪಣೆಗಳ ಸಂಗ್ರಹವು ಜಾನಪದ ಕ್ಷೇತ್ರಕಾರ್ಯದ ಭಾಗವಾಗಬಲ್ಲದು. ಅಂತಹ ಬರಹಗಳೂ ನಿರೂಪಣೆಗಳೂ ಸಂಗ್ರಹವಾದಾಗ ಮಾತ್ರ ಕನ್ನಡದ ಪ್ರವಾಸ ಸಾಹಿತ್ಯವು ಯಾರ ಚಲನೆಯನ್ನು ದಾಖಲಿಸಿದೆ, ಯಾರದನ್ನು ಬಿಟ್ಟಿದೆ ಎಂಬುದನ್ನು ಖಚಿತವಾಗಿ ಹೇಳಲು ಸಾಧ್ಯವಾದೀತು.