ಗುಡ್ಡಗಾಡಿನ ಕಿರುಶಾಲೆಗಳೂ ಯಂತ್ರದ ಪೂರಕ ಪಾಠಗಳೂ

ಪೂರಕ ಶಿಕ್ಷಣವೆಂಬುದು ಶಾಲೆಯ ಪಾಠಕ್ಕೆ ಬದಲಾಗಿ ನಿಲ್ಲುವಂಥದಲ್ಲ. ಉಪಾಧ್ಯಾಯರ ಬೋಧನೆಯಲ್ಲಿ ತೆರವಾಗಿ ಉಳಿದ ಎಡೆಯನ್ನು ತುಂಬುವಂಥದು. ಈ ಭೇದವನ್ನು ಮರೆತಲ್ಲಿ ಯಂತ್ರವು ಬೀರುವನ್ನು ಸೇರುತ್ತದೆ, ಮಕ್ಕಳು ಇದ್ದಲ್ಲಿಯೇ ಇರುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಪ್ರಾಂತದ ಕಾಫಿ ತೋಟಗಳ ನಡುವಣ ಕಿರುಶಾಲೆಗಳಿಗೆ ನೆರವಾಗಬಯಸುವ ದಾನಿಗಳ ಮತ್ತು ಹಳೆಯ ವಿದ್ಯಾರ್ಥಿಗಳ ಅವಗಾಹನೆಗಾಗಿ ಈ ವಿಷಯವನ್ನು ತುಸು ವಿವರವಾಗಿ ನಿವೇದಿಸಬೇಕಾಗಿದೆ.

ಈ ಶಾಲೆಗಳ ತೆರವು ಯಾವುದೆಂಬುದನ್ನು ಮೊದಲು ಅರಿಯಬೇಕು. ಒಬ್ಬರೋ ಇಬ್ಬರೋ ಉಪಾಧ್ಯಾಯರು. ಒಂದೇ ಕೋಣೆಯಲ್ಲಿ ಹಲವು ತರಗತಿಗಳು. ಮೂರನೆಯ ತರಗತಿಗೆ ಭಾಗಾಕಾರವನ್ನು ತಿಳಿಸುತ್ತಿರುವಾಗ ಒಂದನೆಯ ತರಗತಿಯ ಮಕ್ಕಳು ಕೈಕಟ್ಟಿ ಕುಳಿತಿರುತ್ತಾರೆ. ಕೊಯ್ಲಿನ ಕಾಲಕ್ಕೆ ಉತ್ತರ ಕರ್ನಾಟಕದಿಂದ, ಈಚಿನ ವರ್ಷಗಳಲ್ಲಿ ದೂರದ ಅಸ್ಸಾಮಿನಿಂದಲೂ ಬಂದು ಲೈನುಮನೆಗಳಲ್ಲಿ ನೆಲಸುವ ಕುಟುಂಬಗಳ ಮಕ್ಕಳು ನಡುವರ್ಷದಲ್ಲಿ ಸೇರುತ್ತಾರೆ. ಕೆಲವರಿಗೆ ಕನ್ನಡವೇ ಹೊಸದು. ಆದ್ದರಿಂದ ಇಲ್ಲಿ ಕೊರತೆಯಿರುವುದು ಪಾಠದ ಸರಕಿಗಲ್ಲ, ಗುರುವಿನ ವೇಳೆಗೆ.

ನಮ್ಮ ನಾಡಿಗೆ ಇಂಥ ಪ್ರಯೋಗಗಳು ಹೊಸವಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲುಪಿದವು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಇದಕ್ಕೆ ಆಯ್ಕೆಯಾಗಿದ್ದವು. ಕೋಳಿಗೂಡಿನ ಬಲೆಯಂತಹ ತಂತಿಜಾಲದ ದೊಡ್ಡ ಆ್ಯಂಟೆನಾಗಳು ಹಳ್ಳಿಗಳಲ್ಲಿ ಎದ್ದುನಿಂತವು. ವರ್ಷ ತುಂಬಿದೊಡನೆ ಉಪಗ್ರಹ ಹಿಂದಿರುಗಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹವು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳನ್ನು ಇಳಿಸಿತು. ಇವೆಲ್ಲ ಗೌರವಾರ್ಹ ಯತ್ನಗಳೇ. ಆದರೆ ನಿಗದಿತ ಗಳಿಗೆಗೆ ಬರುವ ಪಾಠವನ್ನು ನಿಲ್ಲಿಸಲು, ಮತ್ತೆ ಕೇಳಿಸಲು ಉಪಾಧ್ಯಾಯರಿಗೆ ಸಾಧ್ಯವಿರಲಿಲ್ಲ. ಆ ಗಳಿಗೆಗೆ ಮಳೆಗೆ ವಿದ್ಯುತ್ ಹೋದರೆ ಆ ದಿನದ ಪಾಠವೂ ಹೋದಂತೆಯೇ.

ಹೊರದೇಶಗಳ ಎರಡು ಅನುಭವಗಳು ಇಲ್ಲಿ ವಿಚಾರಾರ್ಹವಾಗಿವೆ. ಮಧ್ಯ ಅಮೆರಿಕದ ನಿಕರಾಗುವಾದಲ್ಲಿ 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರ ಸಹಕಾರದಿಂದ ರೇಡಿಯೊ ಮೂಲಕ ಗಣಿತವನ್ನು ಕಲಿಸಿದರು. ಧ್ವನಿಯು ಪ್ರಶ್ನೆಯನ್ನು ಕೇಳಿ ಸುಮ್ಮನಾಗುವುದು. ಮಕ್ಕಳು ಒಟ್ಟಾಗಿ ಉತ್ತರಿಸುವರು, ಎಣಿಸುವರು, ಬರೆಯುವರು. ಮರುಕ್ಷಣ ಸರಿಯುತ್ತರ ಕೇಳಿಬರುವುದು. ತರಗತಿಯ ಉಪಾಧ್ಯಾಯರು ಜೊತೆಗಿದ್ದು ನಡೆಸುವರು. ಆ ಮಕ್ಕಳು ಪರೀಕ್ಷೆಗಳಲ್ಲಿ ಇತರರಿಗಿಂತ ಮುಂದಾದರು. ಪೆರು ದೇಶದಲ್ಲಾದರೋ ಹಳ್ಳಿಶಾಲೆಗಳ ಮಕ್ಕಳಿಗೆ ಒಂದೊಂದು ಲ್ಯಾಪ್‌ಟಾಪನ್ನೇ ಹಂಚಿದರು. 319 ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಹೊರತಂದ ವರದಿಯು ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಪ್ರಗತಿ ಕಾಣಲಿಲ್ಲವೆಂದು ತಿಳಿಸಿತು. ಅಗ್ಗದ ರೇಡಿಯೊ ಗೆದ್ದಿತು, ದುಬಾರಿ ಗಣಕ ಸೋತಿತು ಎನ್ನುವುದು ಅವಸರದ ಮಾತಾದೀತು. ಮೊದಲನೆಯದರಲ್ಲಿ ಮಗು ಕ್ಷಣಕ್ಷಣವೂ ಏನನ್ನು ಮಾಡಬೇಕೆಂಬುದು ಗೊತ್ತಾಗಿತ್ತು. ಎರಡನೆಯದರಲ್ಲಿ ಯಂತ್ರ ಬಂದರೂ ಬೋಧನಕ್ರಮ ಹಾಗೆಯೇ ಉಳಿಯಿತು. ಆಕಾಶವಾಣಿಯಿಂದ ನಮ್ಮ ಶಾಲೆಗಳಿಗೆ ಬರುತ್ತಿದ್ದ ‘ಕೇಳಿ ಕಲಿ’, ‘ಚಿನ್ನರ ಚುಕ್ಕಿ’ಯಂತಹ ಕಾರ್ಯಕ್ರಮಗಳನ್ನು ಈ ಬೆಳಕಿನಲ್ಲಿ ಮತ್ತೆ ಪರಿಶೀಲಿಸುವುದು ಲೇಸು.

ಕೋವಿಡ್ ಕಾಲದ ಸಂಗತಿ ಎಲ್ಲರ ನೆನಪಿನಲ್ಲಿಯೂ ಹಸಿಯಾಗಿದೆ. 2020ರಲ್ಲಿ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ‘ವಿದ್ಯಾಗಮ’ ಯೋಜನೆಯಲ್ಲಿ ಉಪಾಧ್ಯಾಯರು ಗುಡಿಯ ಜಗಲಿಗಳಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿದರು. ಸೋಂಕಿನ ಭೀತಿಯಿಂದ ಅದೇ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಮಲೆನಾಡಿನ ವಿದ್ಯಾರ್ಥಿಗಳು ಸಿಗ್ನಲ್ ಅರಸಿ ಗುಡ್ಡವೇರಿದರು. 2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಮಳೆಯ ನಡುವೆ ರಸ್ತೆಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೇ ನೋಡಿತು. ಆ ತಂದೆಯ ಪ್ರೀತಿಯನ್ನು ಕೊಂಡಾಡಿದವರು ಬಹಳ; ಕೊಡೆ ಹಿಡಿಯಬೇಕಾದ ಸ್ಥಿತಿಯನ್ನು ಕುರಿತು ಯೋಚಿಸಿದವರು ಕಡಿಮೆ.

ಹಾಗಾದರೆ ನಮ್ಮ ಗುಡ್ಡದ ಶಾಲೆಗೆ ತಕ್ಕುದು ಯಾವುದು? ಪಾಠವು ಆಕಾಶದಿಂದ ಆಗಾಗ ಇಳಿಯುವಂತಿರದೆ ಶಾಲೆಯಲ್ಲೇ ಸಂಗ್ರಹವಾಗಿರಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಅನಂತರ ರಾಜ್ಯವ್ಯಾಪಿಯಾದ ‘ನಲಿಕಲಿ’ ಪದ್ಧತಿಯಲ್ಲಿ ಮಕ್ಕಳು ಶಿಕ್ಷಕರ ನೆರವಿನ ತಟ್ಟೆ, ಸಹಪಾಠಿಗಳ ನೆರವಿನ ತಟ್ಟೆ, ಸ್ವಕಲಿಕೆಯ ತಟ್ಟೆ ಎಂದು ಗುಂಪಾಗಿ ಕೂಡುತ್ತಾರೆ. ಇಂಟರ್ನೆಟ್ ಇಲ್ಲದೆ ನಡೆಯುವ ಎರಡು ಮೂರು ಟ್ಯಾಬ್‌ಗಳು, ಒಂದು ಧ್ವನಿವರ್ಧಕ, ಇವು ಸ್ವಕಲಿಕೆಯ ಗುಂಪಿನ ಕೈಯಲ್ಲಿದ್ದರೆ ಉಪಾಧ್ಯಾಯರಿಗೆ ಇಪ್ಪತ್ತು ನಿಮಿಷ ಬಿಡುವಾಗುತ್ತದೆ. ಆ ಇಪ್ಪತ್ತು ನಿಮಿಷ ಹಿಂದುಳಿದ ಮಗುವಿಗೆ ಸಲ್ಲುತ್ತದೆ. ಕನ್ನಡವರಿಯದ ಮಗುವೂ ಕಥೆಯನ್ನು ನಾಲ್ಕು ಬಾರಿ ಕೇಳಬಹುದು. ಯಂತ್ರಕ್ಕೆ ಬೇಸರವಿಲ್ಲವಷ್ಟೆ!

ದಾನಿಗಳಲ್ಲಿ ಒಂದು ವಿಜ್ಞಾಪನೆ. ಯಂತ್ರದ ಬೆಲೆಯ ಜೊತೆಗೆ ಅದರ ಪಾಲನೆಯ ವೆಚ್ಚವನ್ನೂ ದತ್ತಿಯಲ್ಲಿ ಸೇರಿಸಬೇಕು. ಆಷಾಢ ಶ್ರಾವಣಗಳಲ್ಲಿ ಸೂರ್ಯನ ಮುಖ ಕಾಣದ ಈ ಸೀಮೆಯಲ್ಲಿ ಸೌರಫಲಕವನ್ನೇ ನಂಬುವಂತಿಲ್ಲ; ವಿದ್ಯುತ್ ಬಂದಾಗ ತುಂಬಿಟ್ಟುಕೊಳ್ಳುವ ಒಳ್ಳೆಯ ಬ್ಯಾಟರಿ ಬೇಕು, ಗೋಡೆಯ ತೇವಕ್ಕೆ ಸಿಗದ ಪೆಟ್ಟಿಗೆ ಬೇಕು. ಹತ್ತಾರು ಶಾಲೆಗಳಿಗೆ ಒಬ್ಬನಾದರೂ ರಿಪೇರಿ ಬಲ್ಲ ಯುವಕನಿಗೆ ವೇತನ ಗೊತ್ತುಮಾಡಬೇಕು. ಅವನು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುನ್ನವೇ, ಪ್ರತಿ ಶಾಲೆಗೂ ಹೋಗಿ ಆ ವರ್ಷದ ಪಾಠಗಳನ್ನು ತುಂಬಿಸಿ ಬ್ಯಾಟರಿಗಳನ್ನು ಪರೀಕ್ಷಿಸಿ ಬರತಕ್ಕದ್ದು.